ನಗರದ ಗಗನರೇಖೆಯೂ ಅದರ ಛಾಯಾಚಿತ್ರವೂ

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ಭೂಗೋಳ ಪ್ರದರ್ಶನವನ್ನು ನೋಡಲು ಹೋಗಿದ್ದೆ. ಲೋಕದ ಮಹಾನಗರಗಳಿಗೆಂದು ಮೀಸಲಾದ ಕೋಣೆಯಲ್ಲಿ ಚೀನ ದೇಶದ ಶಾಂಘೈ ನಗರದ ಎರಡು ಚಿತ್ರಪಟಗಳು ಎದುರುಬದುರಾಗಿ ತೂಗುತ್ತಿದ್ದವು. ಬೇರೆ ಬೇರೆ ತರಗತಿಯ ಮಕ್ಕಳು ಅವನ್ನು ಸಿದ್ಧಪಡಿಸಿದ್ದರು. ಒಂದರಲ್ಲಿ, ನದಿಯ ಆಚೆಯ ದಡದ ಕುಳ್ಳು ಕಟ್ಟಡಗಳ ನಡುವೆ, ಕಂಬಕ್ಕೆ ದೊಡ್ಡ ಗುಂಡುಗಳನ್ನು ಪೋಣಿಸಿದಂತಿದ್ದ ಒಂದೇ ಒಂದು ಗೋಪುರ ತಲೆಯೆತ್ತಿ ನಿಂತಿತ್ತು. ಇನ್ನೊಂದರಲ್ಲಿ ಅದೇ ಗೋಪುರದ ಹಿಂದೆ ಅದನ್ನು ಮೀರಿಸುವ ಕಟ್ಟಡಗಳು ಕಿಕ್ಕಿರಿದಿದ್ದವು. ಎರಡರ ಕೆಳಗೂ ದಪ್ಪಕ್ಷರಗಳಲ್ಲಿ ‘ಇಂದಿನ ಶಾಂಘೈ’ ಎಂದು ಬರೆದಿತ್ತು.

“ಸರ್, ಇವೆರಡರಲ್ಲಿ ಯಾವುದು ಸುಳ್ಳು?” ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಮೊದಲನೆಯ ಪಟವನ್ನು ತಂದಿದ್ದ ಹುಡುಗನ ಮುಖ ಬಾಡಿತು. ಅದನ್ನು ಗೋಡೆಯಿಂದ ತೆಗೆದುಬಿಡಲು ಅವನು ಕೈಯೆತ್ತಿಯೂ ಆಗಿತ್ತು.

ಅವನನ್ನು ತಡೆದು ನಿಲ್ಲಿಸಿದೆವು. ಹುಡುಗಿಯ ಪ್ರಶ್ನೆ ಸಣ್ಣದಾಗಿ ತೋರಿದರೂ ಸಣ್ಣದಲ್ಲ. ಬೆಳೆಯುತ್ತಿರುವ ನಗರವೊಂದನ್ನು ಪರಿಚಯಿಸಲು ಎಂಥ ಚಿತ್ರವನ್ನು ಆರಿಸಬೇಕು? ಚಿತ್ರವು ಹೊಸದೋ ಹಳೆಯದೋ ಎಂಬುದನ್ನು ಹೇಗೆ ತಿಳಿಯಬೇಕು? ಹೊಸದಾದ ಮಾತ್ರಕ್ಕೆ ಅದು ನಿಜವನ್ನು ಹೇಳುವುದೆ? ಇವನ್ನು ಒಂದೊಂದಾಗಿ ವಿಚಾರಮಾಡೋಣ.

ಗಗನರೇಖೆ ಎಂದರೇನು?

ಸೂರ್ಯನು ಮುಳುಗಿದ ಸ್ವಲ್ಪ ಹೊತ್ತಿನಲ್ಲಿ ಊರ ಹೊರಗಿನ ದಿಣ್ಣೆಯ ಮೇಲೆ ನಿಂತು ಊರಿನ ಕಡೆಗೆ ನೋಡಿರಿ. ಮನೆಗಳ ಮಾಡು, ದೇವಾಲಯದ ಗೋಪುರ, ತೆಂಗಿನ ಮರಗಳ ತಲೆ, ನೀರಿನ ತೊಟ್ಟಿ ಎಲ್ಲವೂ ಕಪ್ಪಾಗಿ ಒಂದರೊಳಗೊಂದು ಬೆರೆತು, ಬಾನಿನ ಬೆಳಕಿಗೆ ಎದುರಾಗಿ ಏರಿಳಿಯುವ ಒಂದೇ ಅಂಚಾಗಿ ತೋರುವುವು. ಇಂಗ್ಲಿಷರು ‘ಸ್ಕೈಲೈನ್’ ಎನ್ನುವ ಈ ಅಂಚನ್ನು ನಾವು ಗಗನರೇಖೆ ಎಂದು ಕರೆಯಬಹುದು. ಮನುಷ್ಯನಿಗೆ ಮುಖಲಕ್ಷಣವಿರುವಂತೆ ನಗರಕ್ಕೆ ಗಗನರೇಖೆ. ಆದುದರಿಂದಲೇ ಪಠ್ಯಪುಸ್ತಕ, ವಿಶ್ವಕೋಶ, ಅಂಚೆಚೀಟಿ, ಪ್ರವಾಸಿಗರ ಕೈಪಿಡಿ ಎಲ್ಲದರಲ್ಲಿಯೂ ನಗರವನ್ನು ಸೂಚಿಸಲು ಈ ಬಗೆಯ ಚಿತ್ರವನ್ನು ಬಳಸುವ ವಾಡಿಕೆ ಬೆಳೆದುಬಂದಿದೆ.

ಆದರೆ ಮುಖಕ್ಕೂ ಗಗನರೇಖೆಗೂ ಒಂದು ವ್ಯತ್ಯಾಸವುಂಟು. ಪ್ರಾಯದ ಮನುಷ್ಯನ ಮುಖವನ್ನು ಹತ್ತು ವರ್ಷ ಕಳೆದ ಮೇಲೂ ಗುರುತಿಸಬಹುದು. ರಭಸದಿಂದ ಬೆಳೆಯುವ ನಗರದ ಗಗನರೇಖೆಯಾದರೋ ಅಷ್ಟರಲ್ಲಿ ಗುರುತು ಸಿಗದಂತೆ ಮಾರ್ಪಡಬಹುದು. ಶಾಂಘೈ ಇದಕ್ಕೆ ಅತ್ಯುತ್ತಮ ನಿದರ್ಶನ.

ನದಿಯ ಎರಡು ದಡಗಳು

ಶಾಂಘೈ ನಗರದ ನಡುವೆ ಹುವಾಂಗ್‌ಪು ನದಿ ಹರಿಯುತ್ತದೆ. ಪಶ್ಚಿಮದ ದಡಕ್ಕೆ ‘ಬಂಡ್’ ಎಂದು ಹೆಸರು. ನಮ್ಮ ದೇಶದಲ್ಲಿ ಕಟ್ಟೆ, ಏರಿ ಎಂಬ ಅರ್ಥದಲ್ಲಿ ಬಳಕೆಯಲ್ಲಿದ್ದ ಮಾತನ್ನೇ ಆಂಗ್ಲ ವರ್ತಕರು ಅಲ್ಲಿಗೆ ಕೊಂಡೊಯ್ದರು. ಕೆರೆಯ ಏರಿಯನ್ನು ‘ಟ್ಯಾಂಕ್ ಬಂಡ್’ ಎನ್ನುವಾಗ ನಾವು ಬಳಸುವುದೂ ಇದೇ ಮಾತನ್ನು. 1920ರ ದಶಕದಲ್ಲಿ ಕಟ್ಟಿದ ಬ್ಯಾಂಕು, ಸುಂಕದ ಮನೆ, ಹೋಟೆಲುಗಳ ಕಲ್ಲಿನ ಕಟ್ಟಡಗಳು ಈ ದಡದಲ್ಲಿ ಇಂದಿಗೂ ಸಾಲಾಗಿ ನಿಂತಿವೆ.

ಪೂರ್ವದ ದಡವಾದ ಪುಡಾಂಗ್‌ನಲ್ಲಿ ಬಹುಕಾಲ ಉಗ್ರಾಣಗಳು, ಹಡಗು ಕಟ್ಟೆಗಳು, ತಗ್ಗಿನ ಮನೆಗಳು, ಅವುಗಳಾಚೆ ಹೊಲಗದ್ದೆಗಳು ಇದ್ದವು. 1990ರಲ್ಲಿ ಚೀನ ಸರಕಾರವು ಆ ಪ್ರದೇಶವನ್ನು ಅಭಿವೃದ್ಧಿಗೊಳಿಸುವ ನಿರ್ಧಾರವನ್ನು ಪ್ರಕಟಿಸಿತು. ಅಲ್ಲಿಂದ ಮುಂದೆ ನಡೆದುದನ್ನು ಎತ್ತರಗಳ ಮೂಲಕವೇ ಹೇಳಬಹುದು. ‘ಓರಿಯೆಂಟಲ್ ಪರ್ಲ್’ ಎಂಬ ಪ್ರಸಾರ ಗೋಪುರವು 1994ರಲ್ಲಿ ಮುಗಿಯಿತು. ಅದರ ಎತ್ತರ 468 ಮೀಟರು. 88 ಅಂತಸ್ತುಗಳ ಜಿನ್ ಮಾವ್ ಗೋಪುರ 1999ರಲ್ಲಿ ಸಿದ್ಧವಾಯಿತು. ಎತ್ತರ ಸುಮಾರು 421 ಮೀಟರು. ತುದಿಯಲ್ಲಿ ದೊಡ್ಡ ಕಿಂಡಿಯುಳ್ಳ, 492 ಮೀಟರಿನ ವಿಶ್ವ ಹಣಕಾಸು ಕೇಂದ್ರ 2008ರಲ್ಲಿ ಬಂದಿತು. ಮೈಯನ್ನು ತಿರುಚಿಕೊಂಡಂತೆ ಮೇಲೇರುವ 632 ಮೀಟರಿನ ಶಾಂಘೈ ಗೋಪುರ 2015ರಲ್ಲಿ ಪೂರ್ಣವಾಯಿತು. ಹೀಗೆ ಇಪ್ಪತ್ತೈದು ವರ್ಷಗಳಲ್ಲಿ ಆ ದಡದ ಗಗನರೇಖೆ ಹಲವು ಸಲ ಹೊಸದಾಗಿ ಬರೆಯಲ್ಪಟ್ಟಿತು.

ಮೊದಲನೆಯ ಪರೀಕ್ಷೆ: ಕಾಲ

ಹೆಸರೂ ತಾರೀಖೂ ಇಲ್ಲದ ಚಿತ್ರದ ವಯಸ್ಸನ್ನು ಕಂಡುಹಿಡಿಯುವುದು ಹೇಗೆ? ಭೂವಿಜ್ಞಾನಿಗಳು ಬಂಡೆಗಳ ಪದರಗಳಿಗೆ ಕಾಲವನ್ನು ಗೊತ್ತುಮಾಡುವಾಗ ಅವುಗಳೊಳಗಿನ ಪಳೆಯುಳಿಕೆಗಳನ್ನು ಆಧಾರವಾಗಿ ಹಿಡಿಯುವರು. ಈ ಕೆಲಸದಲ್ಲಿ ಕಟ್ಟಡಗಳೇ ನಮ್ಮ ಪಳೆಯುಳಿಕೆಗಳು. ನಿಯಮ ಸರಳವಾಗಿದೆ. ಚಿತ್ರದಲ್ಲಿ ಕಾಣುವ ಕಟ್ಟಡಗಳಲ್ಲೆಲ್ಲ ತೀರ ಹೊಸದು ಯಾವುದೋ, ಅದಕ್ಕಿಂತ ಹಿಂದೆ ಆ ಚಿತ್ರವನ್ನು ತೆಗೆದಿರಲಾರರು. ಕಾಣಲೇಬೇಕಾಗಿದ್ದು ಕಾಣದಿರುವ ಕಟ್ಟಡಗಳಲ್ಲಿ ತೀರ ಹಳೆಯದು ಯಾವುದೋ, ಅದಾದ ಮೇಲೆಯೂ ತೆಗೆದಿರಲಾರರು. ಈ ಎರಡು ಮೇರೆಗಳ ನಡುವೆ ಚಿತ್ರದ ಕಾಲ ಸಿಕ್ಕಿಬೀಳುವುದು.

ಪ್ರದರ್ಶನದ ಮೊದಲನೆಯ ಪಟದಲ್ಲಿ ಪರ್ಲ್ ಗೋಪುರವಿತ್ತು, ಜಿನ್ ಮಾವ್ ಇರಲಿಲ್ಲ. ಆದ್ದರಿಂದ ಅದು 1999ಕ್ಕೆ ಹಿಂದಿನದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಟ್ಟಡವು ಮುಗಿಯುವುದಕ್ಕೆ ಒಂದೆರಡು ವರ್ಷ ಮೊದಲೇ ಅದರ ಅಸ್ಥಿಪಂಜರ ಪೂರ್ಣ ಎತ್ತರಕ್ಕೆ ಏರಿರುತ್ತದೆ. ಜಿನ್ ಮಾವ್‌ನ ಅರೆಗಟ್ಟಿದ ಮೈಯೂ ಕಾಣಲಿಲ್ಲವೆಂದರೆ ಆ ಚಿತ್ರವು 1990ರ ದಶಕದ ನಡುಭಾಗಕ್ಕೆ ಸೇರಿದುದೆಂದು ಊಹಿಸಬಹುದು. ಎರಡನೆಯ ಪಟದಲ್ಲಿ ನಾಲ್ಕೂ ಗೋಪುರಗಳು ಪೂರ್ಣವಾಗಿದ್ದವು. ಎಂದರೆ ಅದು 2015ರ ಸುಮಾರಿಗೆ ಅಥವಾ ಆಮೇಲೆ ತೆಗೆದುದು. ಎರಡಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷಗಳ ಅಂತರ!

ಕಟ್ಟಡಗಳು ಏಳುವಂತೆ ಇಲ್ಲವಾಗುವುದೂ ಉಂಟು. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಜೋಡಿ ಗೋಪುರಗಳು 2001ರ ಸೆಪ್ಟೆಂಬರ್ 11ರಂದು ದಾಳಿಗೆ ತುತ್ತಾಗಿ ಕುಸಿದವು. ಸಾವಿರಾರು ಜನ ಮಡಿದರು. ಅದೇ ಆವರಣದಲ್ಲಿ 541 ಮೀಟರಿನ ಹೊಸ ಗೋಪುರವು 2014ರಲ್ಲಿ ತೆರೆಯಿತು. ಜೋಡಿ ಗೋಪುರಗಳುಳ್ಳ ಚಿತ್ರವನ್ನು ‘ಇಂದಿನ ನ್ಯೂಯಾರ್ಕ್’ ಎಂದು ಅಚ್ಚುಹಾಕಿದರೆ ಅದು ಕೇವಲ ಹಳೆಯ ಚಿತ್ರವಾಗುವುದಿಲ್ಲ, ಆ ನಗರದ ದುಃಖವನ್ನೇ ಅರಿಯದ ಮಾತಾಗುತ್ತದೆ.

ಪುಸ್ತಕ ಅಚ್ಚಾದ ವರ್ಷವನ್ನು ಚಿತ್ರದ ವರ್ಷವೆಂದು ತಿಳಿಯಬಾರದು. ಹಾಗೆಯೇ ಕೈಯಿಂದ ಕೈಗೆ ದಾಟಿ ನಿಮ್ಮ ಮೊಬೈಲಿಗೆ ಬಂದ ಚಿತ್ರದ ಮೇಲಿನ ತಾರೀಖು ಅದು ನಿಮ್ಮನ್ನು ತಲುಪಿದ ದಿನದ್ದಾಗಿರಬಹುದು, ತೆಗೆದ ದಿನದ್ದಾಗಬೇಕಿಲ್ಲ. ಸಂದೇಹ ಬಂದಾಗ ಕಟ್ಟಡಗಳನ್ನೇ ಕೇಳಬೇಕು. ಚಿತ್ರದಲ್ಲಿ ಎತ್ತುಯಂತ್ರಗಳು ತೋಳು ಚಾಚಿ ನಿಂತಿದ್ದರೆ, ಅದು ಬೇಗನೆ ಹಳತಾಗಲಿದೆಯೆಂದೂ ತಿಳಿಯಬೇಕು.

ಎರಡನೆಯ ಪರೀಕ್ಷೆ: ನಿಂತ ಸ್ಥಳ

ಒಂದೇ ದಿನ ತೆಗೆದ ಎರಡು ಚಿತ್ರಗಳು ಒಂದೇ ಮಾತನ್ನು ಹೇಳುವುವೆ? ಹೇಳಬೇಕಾಗಿಲ್ಲ. ವಸ್ತುವಿನ ತೋರಿಕೆಯ ಎತ್ತರವು ಅದರ ನಿಜವಾದ ಎತ್ತರವನ್ನು ದೂರದಿಂದ ಭಾಗಿಸಿದಾಗ ಬರುವ ಅನುಪಾತವನ್ನು ಅನುಸರಿಸುತ್ತದೆ. ಲೆಕ್ಕಕ್ಕಾಗಿ, ಪರ್ಲ್ ಗೋಪುರವು ನಮ್ಮಿಂದ 1 ಕಿಲೋಮೀಟರು ದೂರದಲ್ಲಿಯೂ ಶಾಂಘೈ ಗೋಪುರವು 1½ ಕಿಲೋಮೀಟರು ದೂರದಲ್ಲಿಯೂ ಇವೆಯೆಂದು ಇಟ್ಟುಕೊಳ್ಳೋಣ. ಆಗ ಮೊದಲನೆಯದರ ಅನುಪಾತ 468/1000, ಎಂದರೆ 0.468. ಎರಡನೆಯದರದು 632/1500, ಎಂದರೆ 0.421. ನಿಜದಲ್ಲಿ 164 ಮೀಟರು ಕುಳ್ಳಾದ ಗೋಪುರವೇ ಕಣ್ಣಿಗೆ ಎತ್ತರವಾಗಿ ತೋರುವುದು!

ಈಗ ಅದೇ ನೇರದಲ್ಲಿ 9 ಕಿಲೋಮೀಟರು ಹಿಂದಕ್ಕೆ ಸರಿಯೋಣ. ದೂರಗಳು 10 ಮತ್ತು 10½ ಕಿಲೋಮೀಟರು ಆಗುವುವು, ಅನುಪಾತಗಳು 0.0468 ಮತ್ತು 0.0602. ಗೋಪುರಗಳ ತೋರಿಕೆ ನಿಜವಾದ ಎತ್ತರಗಳ ಕ್ರಮಕ್ಕೆ ಮರಳಿತು. ಹೀಗಾಗಿ ಕಟ್ಟಡಗಳ ಎತ್ತರಗಳನ್ನು ಹೋಲಿಸಬೇಕಾದ ಚಿತ್ರವನ್ನು ಸಾಧ್ಯವಾದಷ್ಟು ದೂರದಿಂದ ತೆಗೆದಿರಬೇಕು.

ಟೆಲಿಫೋಟೋ ಮಸೂರವು ಕಟ್ಟಡಗಳನ್ನು ಒತ್ತಿ ಹತ್ತಿರ ತರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ದೂರದ ವಸ್ತುವಿನ ಪ್ರತಿಬಿಂಬದ ಎತ್ತರವನ್ನು ತಿಳಿಯಲು ಮೇಲಿನ ಅನುಪಾತವನ್ನು ಮಸೂರದ ಸಂಗಮದೂರದಿಂದ ಗುಣಿಸಿದರೆ ಸಾಕು. ಹತ್ತಿರದ ಸ್ಥಳದಿಂದ 50 ಮಿಲಿಮೀಟರು ಸಂಗಮದೂರದ ಮಸೂರವನ್ನು ಬಳಸಿದರೆ ಶಾಂಘೈ ಗೋಪುರದ ಪ್ರತಿಬಿಂಬ ಸುಮಾರು 21 ಮಿಲಿಮೀಟರು. ಪರ್ಲ್ ಗೋಪುರದ್ದು 23.4. ದೂರದ ಸ್ಥಳದಿಂದ 350 ಮಿಲಿಮೀಟರಿನ ಮಸೂರವನ್ನು ಬಳಸಿದರೆ ಶಾಂಘೈ ಗೋಪುರ ಮತ್ತೆ ಅದೇ 21 ಮಿಲಿಮೀಟರು; ಪರ್ಲ್ ಮಾತ್ರ 16.4ಕ್ಕೆ ಇಳಿಯಿತು. ಎರಡು ಗೋಪುರಗಳ ಪರಸ್ಪರ ಪ್ರಮಾಣವನ್ನು ಬದಲಾಯಿಸಿದ್ದು ನಾವು ನಿಂತ ಸ್ಥಳ. ಮಸೂರವು ಚಿತ್ರವನ್ನು ಒಟ್ಟಾಗಿ ಹಿಗ್ಗಿಸಿತು, ಅಷ್ಟೆ.

ಬೆಳಕಿನ ಮಾತೂ ಇಲ್ಲಿಯೇ ಬರುತ್ತದೆ. ಬಂಡ್ ದಡದಲ್ಲಿ ನಿಂತವನು ಪೂರ್ವಕ್ಕೆ ಮುಖಮಾಡಿರುತ್ತಾನೆ. ಬೆಳಿಗ್ಗೆ ಸೂರ್ಯನು ಗೋಪುರಗಳ ಹಿಂದಿರುವುದರಿಂದ ಅವು ಕಪ್ಪು ನೆರಳುಗಳಾಗಿ ಕಾಣುವುವು. ಮಧ್ಯಾಹ್ನ ಇಳಿದ ಮೇಲೆ ಅವುಗಳ ಮುಖಕ್ಕೆ ಬಿಸಿಲು ಬೀಳುವುದು. ಕಟ್ಟಡಗಳನ್ನು ಗುರುತಿಸಬೇಕಾದ ಚಿತ್ರಕ್ಕೆ ಈ ಎರಡನೆಯ ಹೊತ್ತೇ ಮೇಲು.

ಮೂರನೆಯ ಪರೀಕ್ಷೆ: ಚಿತ್ರದಲ್ಲಿ ಇಲ್ಲದುದು

ಹೊಸ ಚಿತ್ರ, ಸರಿಯಾದ ಸ್ಥಳ, ಒಳ್ಳೆಯ ಬೆಳಕು ಎಲ್ಲವೂ ಕೂಡಿದರೂ ಒಂದು ಕೊರತೆ ಉಳಿಯಬಹುದು. 2020ರ ಜನಗಣತಿಯಂತೆ ಶಾಂಘೈ ನಗರದಲ್ಲಿ ಸುಮಾರು 2 ಕೋಟಿ 48 ಲಕ್ಷ ಜನರಿದ್ದರು. ಅವರಲ್ಲಿ ಬಹುಪಾಲು ಜನರ ಮನೆ, ಶಾಲೆ, ಕಾರ್ಖಾನೆ, ಸಂತೆಗಳು ಆ ಪ್ರಸಿದ್ಧ ಚಿತ್ರದ ಚೌಕಟ್ಟಿನಿಂದ ಹೊರಗೆಯೇ ಉಳಿಯುತ್ತವೆ. ಇನ್ನೂ ಸೋಜಿಗವೆಂದರೆ, ಛಾಯಾಗ್ರಾಹಕನ ಬೆನ್ನ ಹಿಂದೆಯೇ ಇರುವ ಬಂಡ್ ದಡದ ಹಳೆಯ ಕಟ್ಟಡಗಳೂ ಅದರಲ್ಲಿ ಇಲ್ಲ. ಅವನು ಅಲ್ಲಿಯೇ ಹಿಂದಿರುಗಿ ನಿಂತರೆ ಸಾಕು, ಬೇರೊಂದು ಶಾಂಘೈ ಕಾಣುವುದು. ನಗರವನ್ನು ಒಂದೇ ಚಿತ್ರದಿಂದ ಪ್ರತಿನಿಧಿಸಬೇಕಾದರೆ ಎತ್ತರದ ಕಟ್ಟಡಗಳು ಇರಲಿ. ಆದರೆ ಆ ಎತ್ತರವೇ ಇಡೀ ನಗರವೆಂಬ ಭ್ರಾಂತಿ ಬೇಡ. ಎರಡು ಚಿತ್ರಗಳಿಗೆ ಸ್ಥಳವಿದ್ದರೆ ಎರಡನೆಯದನ್ನು ವಿರುದ್ಧ ದಿಕ್ಕಿಗೆ ತಿರುಗಿ ತೆಗೆದುದನ್ನು ಆರಿಸಿರಿ.

ನಮ್ಮ ಊರಿನಲ್ಲಿ ಪ್ರಯೋಗ

ಶಾಂಘೈ ನಗರಕ್ಕೆ ನಾವೆಲ್ಲರೂ ಹೋಗಲಾರೆವು. ಈ ಪರೀಕ್ಷೆಗಳನ್ನು ಕೈಯಾರೆ ಮಾಡಿನೋಡಲು ಬೆಂಗಳೂರು ಸಾಕು. ಜನಗಣತಿಯ ಪ್ರಕಾರ 1951ರಲ್ಲಿ ಆ ನಗರದ ಜನಸಂಖ್ಯೆ ಸುಮಾರು 7 ಲಕ್ಷ 80 ಸಾವಿರ. 2011ರಲ್ಲಿ ಸುಮಾರು 84 ಲಕ್ಷ. ಈ ಅವಧಿಯಲ್ಲಿ ನಗರದ ಎಲ್ಲೆಯೂ ಹಿಗ್ಗಿತೆಂಬುದನ್ನು ಮರೆಯಬಾರದು. ಬೆಂಗಳೂರು ಎಂದರೆ 1956ರಲ್ಲಿ ಮುಗಿದ ವಿಧಾನಸೌಧದ ಚಿತ್ರವನ್ನು ಹಾಕುವುದು ರೂಢಿ. ಅದು ರಾಜಧಾನಿಗೆ ಒಪ್ಪುವ ಗುರುತೇ ಹೌದು; ಆದರೆ ನಗರ ಎಷ್ಟು ಬೆಳೆದಿದೆಯೆಂಬುದನ್ನು ಅದು ತಿಳಿಸಲಾರದು. ಅಲ್ಲದೆ ಬೆಂಗಳೂರಿನ ನಡುವೆ ಅಗಲವಾದ ನದಿಯಿಲ್ಲ, ನೆಲ ಏರುತಗ್ಗಾಗಿದೆ, ಎತ್ತರದ ಕಟ್ಟಡಗಳು ಹಲವು ದಿಕ್ಕುಗಳಲ್ಲಿ ಚದುರಿವೆ. ದಿಣ್ಣೆಯ ಮೇಲಿನ ಸಾಧಾರಣ ಕಟ್ಟಡವು ತಗ್ಗಿನಲ್ಲಿರುವ ಎತ್ತರದ ಕಟ್ಟಡವನ್ನು ಮೀರಿ ಕಾಣಬಹುದು. ಅಡ್ಡಡ್ಡಲಾಗಿ ಹಬ್ಬಿದ ಇಂಥ ನಗರದ ಬೆಳವಣಿಗೆಯನ್ನು ತಿಳಿಯಲು ಉಪಗ್ರಹದಿಂದ ತೆಗೆದ ಚಿತ್ರವೂ ಜೊತೆಗಿರಬೇಕು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದಲೂ, ನಮ್ಮ ದೇಶದ ಐ.ಆರ್.ಎಸ್. ಉಪಗ್ರಹಗಳು 1988ರಿಂದಲೂ ಅಂಥ ಚಿತ್ರಗಳನ್ನು ಒದಗಿಸುತ್ತ ಬಂದಿವೆ.

ಲಾಲ್‌ಬಾಗಿನ ಬಂಡೆಯನ್ನು ನೀವು ಬಲ್ಲಿರಿ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಶಿಲೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವೊಂದಿದೆ. ಊರಿನ ಬೆಳವಣಿಗೆಗೆ ಅದು ಮೇರೆಯೆಂದು ಪ್ರತೀತಿ. ಊರು ಆ ಮೇರೆಯನ್ನು ದಾಟಿ ಎಷ್ಟೋ ದೂರ ಹೋಗಿದೆ. ಆದರೆ ಬಂಡೆ ಕದಲಿಲ್ಲ. ಹೀಗೆ ಕದಲದಿರುವ ಸ್ಥಳವೇ ನಮ್ಮ ಪ್ರಯೋಗಕ್ಕೆ ಬೇಕಾದುದು. ಬಂಡೆಯ ಮೇಲೆ ಒಂದು ಜಾಗವನ್ನು ಗುರುತುಮಾಡಿಕೊಂಡು, ಪ್ರತಿವರ್ಷವೂ ಅದೇ ತಿಂಗಳಿನಲ್ಲಿ, ಅದೇ ಹೊತ್ತಿನಲ್ಲಿ, ಅದೇ ದಿಕ್ಕಿಗೆ, ಅದೇ ಮಸೂರದಿಂದ ಒಂದು ಚಿತ್ರವನ್ನು ತೆಗೆಯಿರಿ. ನೀವು ಬೇರೆ ಊರಿನವರಾದರೆ ನಿಮ್ಮ ಊರಿನ ಬೆಟ್ಟವೋ ಕೆರೆಯ ಏರಿಯೋ ಈ ಕೆಲಸಕ್ಕೆ ಒದಗುವುದು. ಚಿತ್ರದ ಹಿಂಬದಿಯಲ್ಲಿ ತಾರೀಖು, ನಿಂತ ಸ್ಥಳ, ದಿಕ್ಕು, ಮಸೂರದ ಸಂಗಮದೂರ ಈ ನಾಲ್ಕನ್ನು ತಪ್ಪದೆ ಬರೆಯಿರಿ. ಐದು ವರ್ಷಗಳಲ್ಲಿ ನಿಮ್ಮ ಕೈಯಲ್ಲಿರುವುದು ಕೇವಲ ಚಿತ್ರಗಳ ಕಟ್ಟಲ್ಲ, ಒಂದು ಊರಿನ ಬೆಳವಣಿಗೆಯ ಅಳತೆ.

ಮತ್ತೆ ಆ ಎರಡು ಪಟಗಳು

ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಎರಡು ಪಟಗಳಲ್ಲಿ ಯಾವುದೂ ಸುಳ್ಳಲ್ಲ. ಗೋಪುರ ಒಂಟಿಯಾಗಿ ನಿಂತ ದಿನಗಳು ನಿಜವಾಗಿಯೂ ಇದ್ದವು. ಸುಳ್ಳು ಇದ್ದುದು ‘ಇಂದಿನ’ ಎಂಬ ಒಂದು ಪದದಲ್ಲಿ. ಬೆಳೆಯುವ ನಗರದ ವಿಷಯದಲ್ಲಿ ಆ ಪದವನ್ನು ಬರೆಯುವವರು ಪಕ್ಕದಲ್ಲಿ ವರ್ಷವನ್ನೂ ಬರೆಯಬೇಕು. ಇಲ್ಲವಾದರೆ ನಿನ್ನೆ ನಿಜವಾಗಿದ್ದುದು ನಾಳೆ ಸುಳ್ಳಾಗುವುದು. ಎರಡನೆಯ ಪಟಕ್ಕೂ ಈ ಮಾತು ಸಲ್ಲುತ್ತದೆ.

ಆ ಹುಡುಗ ತನ್ನ ಪಟವನ್ನು ಕೀಳಲಿಲ್ಲ. ‘ಇಂದಿನ ಶಾಂಘೈ’ ಎಂಬುದರ ಮೇಲೆ ಬಿಳಿಯ ಕಾಗದವನ್ನು ಅಂಟಿಸಿ, ‘ಶಾಂಘೈ, 1990ರ ದಶಕದ ನಡುಭಾಗ’ ಎಂದು ಬರೆದನು. ಎದುರಿನ ತರಗತಿಯವರೂ ತಮ್ಮ ಪಟಕ್ಕೆ ‘2015ರ ಅನಂತರ’ ಎಂದು ಸೇರಿಸಿದರು. ಆಮೇಲೆ ಅವರೆಲ್ಲ ಸೇರಿ ಎರಡನ್ನೂ ಒಂದೇ ಗೋಡೆಗೆ ಪಕ್ಕಪಕ್ಕದಲ್ಲಿ ತೂಗುಹಾಕಿದರು. ಆ ದಿನ ಪ್ರದರ್ಶನಕ್ಕೆ ಬಂದವರಲ್ಲಿ ಹೆಚ್ಚು ಜನ ನಿಂತು ನೋಡಿದ್ದು ಆ ಗೋಡೆಯನ್ನೇ.