ಮೂವತ್ತನಾಲ್ಕನೆಯ ಗೇಟು ಡೇಟಾಬೇಸಿಗೆ ನುಗ್ಗದಿರಲು

ತುಂಗಭದ್ರಾ (ಟಿ.ಬಿ.) ಡ್ಯಾಮಿಗಿರುವುದು ೩೩ ಕ್ರೆಸ್ಟ್ ಗೇಟುಗಳೆಂಬುದನ್ನು ಹೊಸಪೇಟೆಯ ಶಾಲಾಬಾಲಕನೂ ಬಲ್ಲನು. ಆದರೂ ಅಣೆಕಟ್ಟಿನ ದಿನವಹಿ ಅಂಕಿಗಳಿಗೆಂದು ನಮ್ಮ ತರುಣರು ಜ್ಯಾಂಗೊದಲ್ಲಿ ರಚಿಸುವ ಅಭ್ಯಾಸದ ಜಾಲತಾಣಗಳಲ್ಲಿ, ವ್ಯಾಲಿಡೇಟರಿನ ಮೂಲಕ ಮಿತಿಯನ್ನು ವಿಧಿಸಿದ್ದಾಗ್ಯೂ, ೩೪ನೆಯ ಗೇಟೊಂದು ನಿರಾತಂಕವಾಗಿ ಬಂದು ಕುಳಿತಿರುವುದನ್ನು ಕಂಡಿದ್ದೇನೆ.

ಮೊದಲು ದಿನಾಂಕ, ವೇಳೆಗಳುಳ್ಳ 'ಅಳತೆ' ಎಂಬ ಮೂಲ ಮಾಡೆಲನ್ನು ಬರೆದು, ಅದರ 'ಮೆಟಾ'ದಲ್ಲಿ ಅಬ್‌ಸ್ಟ್ರ್ಯಾಕ್ಟ್ ಎಂದು ಘೋಷಿಸಿರಿ. ಗೇಟಿನ ಅಳತೆ, ಕಾಲುವೆಯ ಅಳತೆಗಳೆರಡೂ ಅದರಿಂದ ಜನಿಸಲಿ. ಈ ಘೋಷಣೆಯನ್ನು ಮರೆತರೆ ಮೂಲಕ್ಕೂ ಪ್ರತ್ಯೇಕ ಟೇಬಲ್ ನಿರ್ಮಿತವಾಗಿ, ದಿನಾಂಕವೊಂದೆಡೆ ಗೇಟಿನ ಸಂಖ್ಯೆಯೊಂದೆಡೆ ಬೀಳುವುದರಿಂದ, ಒಂದೇ ಹೊತ್ತಿಗೆ ಒಂದೇ ಗೇಟಿನ ಎರಡು ನಮೂದು ಕೂಡದೆಂಬ ನಿಬಂಧನೆಗೆ ಆಸ್ಪದವೇ ಉಳಿಯದು. ೨೦೨೪ರ ಆಗಸ್ಟಿನಲ್ಲಿ ೧೯ನೆಯ ಗೇಟು ಕೊಚ್ಚಿಹೋದಂಥ ಸಂದರ್ಭಕ್ಕಾಗಿ, ತೆರೆದ ಅಡಿಗಳ ಅಂಕಣ ಖಾಲಿಯಿರಲೂ ಅವಕಾಶವಿರಲಿ. ಸೊನ್ನೆ ಬರೆದರೆ ಗೇಟು ಮುಚ್ಚಿತ್ತೆಂದು ಅರ್ಥವಾಗುವುದು.

ಎಲ್ಲರೂ ಎಡವುವುದು ಇಲ್ಲಿ: 'ಸೇವ್' ಯಾವುದನ್ನೂ ಪರೀಕ್ಷಿಸುವುದಿಲ್ಲ. ವ್ಯಾಲಿಡೇಟರುಗಳನ್ನು ನಡೆಸುವುದು 'ಫುಲ್ ಕ್ಲೀನ್'. ಮಾಡೆಲ್ ಫಾರ್ಮು ಅದನ್ನು ತಾನಾಗಿಯೇ ಕರೆಯುವುದರಿಂದ, ಅಡ್ಮಿನ್ ಪುಟದಲ್ಲಿ ೩೪ ಎಂದು ತುಂಬಿದೊಡನೆ ತಪ್ಪೆಂಬ ಸೂಚನೆ ಮೂಡಿ, ಬರೆದವನು ನಿಶ್ಚಿಂತನಾಗುವನು. ಮರುದಿನ ಎಕ್ಸೆಲ್ಲಿನ ಹಳೆಯ ಅಂಕಿಗಳನ್ನು ತುಂಬುವ ಸ್ಕ್ರಿಪ್ಟು ನೇರವಾಗಿ ಸೇವ್ ಮಾಡುವಾಗ ತಡೆಯುವವರಿಲ್ಲ. ೨೦೧೦ರಲ್ಲಿ, ಜ್ಯಾಂಗೊದ ೧.೨ನೆಯ ಆವೃತ್ತಿಯೊಡನೆ ಬಂದ ಈ ಏರ್ಪಾಡು ಬುದ್ಧಿಪೂರ್ವಕವಾದುದು, ದೋಷವಲ್ಲ. ಸೇವಿನೊಳಗೇ ಫುಲ್ ಕ್ಲೀನನ್ನು ಕರೆದು ಕೃತಾರ್ಥರಾಗುವವರಿದ್ದಾರೆ. ನನಗದು ಸಮ್ಮತವಲ್ಲ, ಏಕೆಂದರೆ ಫಾರ್ಮಿನಿಂದ ಬಂದುದು ಎರಡು ಬಾರಿ ಪರೀಕ್ಷಿತವಾಗುವುದು, ರಾಶಿಯಾಗಿ ಸೇರಿಸುವ 'ಬಲ್ಕ್ ಕ್ರಿಯೇಟ್' ಸೇವನ್ನು ಕರೆಯದೆಯೇ ದಾಟಿಹೋಗುವುದು. ಆದುದರಿಂದ ಸ್ಕ್ರಿಪ್ಟಿನಲ್ಲಿಯೇ ಪ್ರತಿ ಸಾಲಿಗೂ ಫುಲ್ ಕ್ಲೀನನ್ನು ಕರೆದು, ತಪ್ಪಿದ ಸಾಲುಗಳನ್ನು ಬೇರೊಂದು ಕಡತದಲ್ಲಿ ಬರೆದಿಡಿರಿ. ಅವನ್ನು ನುಂಗಿಬಿಡುವ ಸ್ಕ್ರಿಪ್ಟಿಗಿಂತ ಅರ್ಧದಲ್ಲಿ ನಿಲ್ಲುವ ಸ್ಕ್ರಿಪ್ಟೇ ಮೇಲು.

ಜನ್ಯ ಮಾಡೆಲಿನಲ್ಲಿ 'ಕ್ಲೀನ್' ಬರೆಯುವುದಾದರೆ, 'ಸೂಪರ್' ಮುಖಾಂತರ ಮೂಲದ ಕ್ಲೀನನ್ನು ಮೊದಲು ಕರೆಯತಕ್ಕದ್ದು. ಇಲ್ಲವಾದರೆ ನಾಳೆಯ ದಿನಾಂಕ ಕೂಡದೆಂದು ಮೂಲದಲ್ಲಿ ಬರೆದ ನಿಯಮ ಸದ್ದಿಲ್ಲದೆ ಲೋಪವಾಗುವುದು. ಮೆಟಾದ ವಿಷಯದಲ್ಲಿಯೂ ಇದೇ ಎಚ್ಚರ: ಮೂಲದ ಮೆಟಾದಿಂದಲೇ ಜನ್ಯದ ಮೆಟಾವನ್ನು ವಿಸ್ತರಿಸಿರಿ.

ಕೊನೆಯದೊಂದು ಮಾತು. ೧ರಿಂದ ೩೩ರ ಮಿತಿಯನ್ನು 'ಚೆಕ್ ಕನ್‌ಸ್ಟ್ರೇಂಟ್' ಆಗಿಯೂ ಬರೆದರೆ ಡೇಟಾಬೇಸೇ ಕಾವಲಿರುವುದು. ಹಳೆಯ ತಪ್ಪು ಸಾಲುಗಳನ್ನು ಮೊದಲೇ ತಿದ್ದಿರಿ, ಇಲ್ಲದಿದ್ದರೆ ಮೈಗ್ರೇಷನ್ ಕೆಡುವುದು. ೫.೧ನೆಯ ಆವೃತ್ತಿಯಿಂದ ಇಲ್ಲಿ 'ಚೆಕ್' ಎಂಬುದರ ಬದಲು 'ಕಂಡಿಷನ್' ಎಂದು ಬರೆಯಬೇಕು.