ಬಾಟಲಿಯೊಳಗಿನ ಗುಳ್ಳೆ

ಸಿವಿಲ್ ಮುಗಿಸಿ ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್., ಆಮೇಲೆ ಪಿಎಚ್.ಡಿ. ಅಂತ ಹೊರಟಿದ್ದೀರಾ? ಗೇಟ್‌ನಲ್ಲಿ ಸಿವಿಲ್ ಪತ್ರಿಕೆಯನ್ನೇ ನೆಚ್ಚಿಕೊಳ್ಳಬೇಕಿಲ್ಲ. 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಬೇರೆಯೇ ಪತ್ರಿಕೆ ಇದೆ. ಅದು ಸುಲಭದ ಭಾಗ.

ಕಷ್ಟ ಶುರುವಾಗುವುದು ಲ್ಯಾಬಿನಲ್ಲಿ. ಕೆರೆ ನೀರಿನ ಬಿಒಡಿ ಅಳೆಯಲು 300 ಮಿಲಿಲೀಟರ್ ಬಾಟಲಿಯನ್ನು ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನ ಇಡುತ್ತೇವೆ (ಅಮೆರಿಕದ ಪುಸ್ತಕಗಳಲ್ಲಿ 20 ಡಿಗ್ರಿ, 5 ದಿನ). ಮುಚ್ಚಳ ಹಾಕುವಾಗ ಒಂದು ಗಾಳಿಗುಳ್ಳೆ ಉಳಿದರೂ ಅಷ್ಟು ದಿನದ ಕೆಲಸ ನೀರುಪಾಲು. ನಾನು ಹಾಗೆ ಕಳೆದುಕೊಂಡ ವಾರಗಳ ಲೆಕ್ಕ ಇಟ್ಟಿಲ್ಲ. ಬಾಟಲಿಯಲ್ಲಿ ಉಳಿದ ಆಮ್ಲಜನಕ ಅಳೆಯುವ ಟೈಟ್ರೇಷನ್‌ನ ಕೊನೆಗೆ ಪಿಷ್ಟದ ನೀಲಿ ಒಂದೇ ಹನಿಗೆ ಮಾಯವಾಗುತ್ತದೆ. ಆ ಹನಿ ದಾಟಿಹೋದರೆ ಮತ್ತೆ ಮಾಡಿ, ಅಂಕಿ ಮಾತ್ರ ತಿದ್ದಬೇಡಿ.

ಗೈಡ್ ಆರಿಸುವಾಗ ಅವರ ಪ್ರಬಂಧಗಳ ಪಟ್ಟಿ ನೋಡಿ, ಸರಿ. ಅದಕ್ಕೂ ಮೊದಲು ಅವರ ಕೈಕೆಳಗಿರುವ ವಿದ್ಯಾರ್ಥಿಗಳಿಗೆ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿ. ‘ಕರಡು ಓದಿ ವಾಪಸ್ ಕೊಡೋಕೆ ಸರ್ ಎಷ್ಟು ದಿನ ತಗೋತಾರೆ?’ ಅಂತ ಕೇಳಿ. ಉತ್ತರಿಸುವ ಮುಂಚೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಕಾಫಿ ಮುಗಿಸಿ ಬೇರೆ ಬಾಗಿಲು ತಟ್ಟಿ.