ಗಣಕಯಂತ್ರದ ತಿರುಳು ಮತ್ತು ಅದರ ಕರೆಗಳ ಜಾಡು

ಪೀಠಿಕೆ

ದೊಡ್ಡದೊಂದು ವಿದ್ಯಾರ್ಥಿನಿಲಯದ ವ್ಯವಹಾರವನ್ನು ಅರಿಯಬೇಕೆನ್ನುವವನು ಅದರ ಮಹಾದ್ವಾರವನ್ನೂ ಊಟದ ಪಡಸಾಲೆಯನ್ನೂ ನೋಡಿದರೆ ಸಾಲದು. ಉಗ್ರಾಣದ ಲೆಕ್ಕದ ಪುಸ್ತಕವನ್ನು ತೆರೆದು ನೋಡಬೇಕು. ಅಡುಗೆಯವರು ಎಂದು ಎಷ್ಟು ಅಕ್ಕಿಯನ್ನು ಕೇಳಿದರು, ಉಗ್ರಾಣಿಯು ಎಷ್ಟನ್ನು ಅಳೆದು ಕೊಟ್ಟನು, ಯಾವುದಕ್ಕೆ ‘ಇಲ್ಲ’ ಎಂದನು, ಯಾವುದಕ್ಕೆ ‘ಕೊಡಲಾಗದು’ ಎಂದನು ಎಂಬುದೆಲ್ಲವೂ ಅಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ‘ಇಲ್ಲ’ ಎಂಬುದಕ್ಕೂ ‘ಕೊಡಲಾಗದು’ ಎಂಬುದಕ್ಕೂ ಇರುವ ಅಂತರವನ್ನು ಬಲ್ಲವನಿಗೆ ಮಾತ್ರವೇ ಊಟ ತಡವಾದುದರ ನಿಜವಾದ ಕಾರಣವು ತಿಳಿಯುತ್ತದೆ.

ಇಂದು ಶಾಲೆಯ ಕಚೇರಿಯಿಂದ ಹಿಡಿದು ಬ್ಯಾಂಕು, ಆಸ್ಪತ್ರೆ, ರೈಲ್ವೆ ನಿಲ್ದಾಣಗಳವರೆಗೆ ಎಲ್ಲೆಡೆಯೂ ನೆಲೆನಿಂತಿರುವ ಗಣಕಯಂತ್ರದೊಳಗೂ ಇಂತಹುದೇ ಒಂದು ಉಗ್ರಾಣವುಂಟು; ಅದಕ್ಕೊಬ್ಬ ಉಗ್ರಾಣಿಯುಂಟು; ಬಯಸಿದರೆ ಬರೆಯಿಸಿಕೊಳ್ಳಬಹುದಾದ ಲೆಕ್ಕದ ಪುಸ್ತಕವೂ ಉಂಟು. ಆ ಪುಸ್ತಕವನ್ನು ಬರೆಯಿಸುವ ಹಾಗೂ ಓದುವ ವಿದ್ಯೆಯ ಸ್ವರೂಪವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತಿರುಳು ಮತ್ತು ಕರೆ

ಗಣಕಯಂತ್ರದ ಸಕಲ ಸಂಪತ್ತನ್ನೂ, ಎಂದರೆ ಸ್ಮೃತಿಕೋಶ, ಕಡತಗಳು, ಕೀಲಿಮಣೆ, ಪರದೆ, ಮುದ್ರಣಯಂತ್ರ, ಜಾಲಸಂಪರ್ಕ ಇವುಗಳನ್ನು ಕಾಯ್ದು ಹಂಚಿಕೊಡುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಅದರ ಒಳಗಣ ಸಾರಭಾಗವೇ ಕರ್ನೆಲ್. ಕಾಯಿಯೊಳಗಣ ತಿರುಳು ಎಂಬುದೇ ಆ ಶಬ್ದದ ಮೂಲಾರ್ಥವಾದುದರಿಂದ ಕನ್ನಡದಲ್ಲಿ ‘ತಿರುಳು’ ಎಂದು ಕರೆಯುವುದು ಸರ್ವಥಾ ಯುಕ್ತವಾಗಿದೆ.

ನಾವು ಬಳಸುವ ಬರವಣಿಗೆಯ, ಲೆಕ್ಕದ, ಚಿತ್ರದ ಕ್ರಮವಿಧಿಗಳಾವುವಕ್ಕೂ ಈ ಸಂಪತ್ತನ್ನು ತಾವೇ ಮುಟ್ಟುವ ಅಧಿಕಾರವಿಲ್ಲ. ಸಂಸ್ಕರಣ ಘಟಕದಲ್ಲಿಯೇ ಮೇಲ್ದರ್ಜೆ ಕೆಳದರ್ಜೆಗಳೆಂಬ ಅಧಿಕಾರಭೇದವನ್ನು ಕಲ್ಪಿಸಲಾಗಿದೆ. ತಿರುಳು ಮೇಲ್ದರ್ಜೆಯಲ್ಲಿ ನಡೆಯುತ್ತದೆ. ಉಳಿದ ಕ್ರಮವಿಧಿಗಳೆಲ್ಲವೂ ಕೆಳದರ್ಜೆಯಲ್ಲಿ ನಡೆಯುತ್ತವೆ. ಒಂದು ಕಡತವನ್ನು ತೆರೆಯಬೇಕಾದರೂ ಒಂದು ಅಕ್ಷರವನ್ನು ಪರದೆಯ ಮೇಲೆ ಮೂಡಿಸಬೇಕಾದರೂ ಕ್ರಮವಿಧಿಯು ತನ್ನ ಕೋರಿಕೆಯನ್ನು ನಿಯತವಾದ ರೀತಿಯಲ್ಲಿ ತಿರುಳಿಗೆ ಒಪ್ಪಿಸಿ, ಉತ್ತರಕ್ಕಾಗಿ ಕಾಯಬೇಕು. ಈ ಕೋರಿಕೆಗೆ ಸಿಸ್ಟಮ್ ಕಾಲ್, ಅರ್ಥಾತ್ ವ್ಯವಸ್ಥಾ ಕರೆ, ಎಂದು ಹೆಸರು.

ಲಿನಕ್ಸ್ ಎಂಬ ತಿರುಳಿನಲ್ಲಿ ಇಂತಹ ಕರೆಗಳು ಮುನ್ನೂರಕ್ಕೂ ಹೆಚ್ಚು ಇವೆ. ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆಯುಂಟು. ಈಗ ಬಹುವಾಗಿ ಬಳಕೆಯಲ್ಲಿರುವ ಅರವತ್ತನಾಲ್ಕು ಬಿಟ್ಟುಗಳ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಓದುವ ಕರೆಯಾದ ‘ರೀಡ್’ ೦, ಬರೆಯುವ ಕರೆಯಾದ ‘ರೈಟ್’ ೧, ಕಡತವನ್ನು ಮುಚ್ಚುವ ‘ಕ್ಲೋಸ್’ ೩, ಹೊಸ ಕ್ರಮವಿಧಿಯನ್ನು ನಡೆಯಿಸುವ ‘ಎಕ್ಸೆಕ್‌ವಿಇ’ ೫೯. ಕರೆಯೊಡನೆ ಕೊಡಬೇಕಾದ ವಿವರಗಳು ಆರಕ್ಕೆ ಮೀರುವಂತಿಲ್ಲ. ವ್ಯಾಕರಣಶಾಸ್ತ್ರದಲ್ಲಿ ಕಾರಕಗಳೂ ಆರೇ ಎಂಬುದು ಕೇವಲ ಕಾಕತಾಳೀಯ; ಆದರೂ ವಿದ್ಯಾರ್ಥಿಗೆ ಆ ಹೋಲಿಕೆಯು ಉಪಕಾರಿಯಾಗುತ್ತದೆ. ಕರೆಯ ಹೆಸರೇ ಕ್ರಿಯಾಪದ. ಏನನ್ನು, ಎಲ್ಲಿಂದ, ಎಲ್ಲಿಗೆ, ಎಷ್ಟು ಎಂಬ ವಿವರಗಳು ಅದಕ್ಕೆ ಅನ್ವಯಿಸುವ ಪದಗಳು. ತಿರುಳು ಹಿಂದಿರುಗಿಸುವ ಸಂಖ್ಯೆಯೇ ಫಲ. ಕರೆಯೊಂದನ್ನು ಹೀಗೆ ಬಿಡಿಸಿ ಓದಬಲ್ಲವನಿಗೆ ಮುಂದಿನ ದಾರಿ ಸುಗಮವಾಗುತ್ತದೆ.

ಈ ವಿದ್ಯೆಯ ಚರಿತ್ರೆ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬ ವಿದ್ವಾಂಸರು ೧೯೬೯ರಲ್ಲಿ ಯುನಿಕ್ಸ್ ವ್ಯವಸ್ಥೆಯ ನಿರ್ಮಾಣಕ್ಕೆ ತೊಡಗಿದರು. ೧೯೭೫ರಲ್ಲಿ ಹೊರಬಂದ ಅದರ ಆರನೆಯ ಆವೃತ್ತಿಯಲ್ಲಿ ‘ಪಿಟ್ರೇಸ್’ ಎಂಬ ಕರೆಯು ಕಾಣಿಸಿಕೊಂಡಿತು. ನಡೆಯುತ್ತಿರುವ ಒಂದು ಕ್ರಮವಿಧಿಯನ್ನು ಮತ್ತೊಂದು ಕ್ರಮವಿಧಿಯು ತಡೆದು ನಿಲ್ಲಿಸಿ ಪರೀಕ್ಷಿಸಲು ಅವಕಾಶ ಕೊಡುವುದೇ ಅದರ ಕೆಲಸ. ಒಂದು ಕರೆಯ ಮೂಲಕವೇ ಇತರ ಕರೆಗಳನ್ನು ಗಮನಿಸುವ ಈ ಏರ್ಪಾಡು ಮುಂದಿನ ಸಾಧನಗಳಿಗೆ ತಳಹದಿಯಾಯಿತು.

ಸನ್ ಸಂಸ್ಥೆಯ ಸನ್‌ಓಎಸ್ ವ್ಯವಸ್ಥೆಯಲ್ಲಿದ್ದ ‘ಟ್ರೇಸ್’ ಎಂಬ ಉಪಕರಣದಿಂದ ಪ್ರೇರಿತರಾಗಿ ಪಾಲ್ ಕ್ರಾನೆನ್‌ಬರ್ಗ್ ಎಂಬವರು ‘ಎಸ್‌ಟ್ರೇಸ್’ ಎಂಬ ಸಾಧನವನ್ನು ರಚಿಸಿದರು. ಲಿನಸ್ ಟೋರ್ವಾಲ್ಡ್ಸ್ ಅವರ ಲಿನಕ್ಸ್ ತಿರುಳು ಪ್ರಕಟವಾದುದು ೧೯೯೧ರಲ್ಲಿ. ಅದೇ ವರ್ಷದ ಎಸ್‌ಟ್ರೇಸ್ ಆವೃತ್ತಿಯನ್ನು ಆಧರಿಸಿ ಬ್ರಾಂಕೊ ಲಾಂಕೆಸ್ಟರ್ ಎಂಬವರು ಅದನ್ನು ಲಿನಕ್ಸಿಗೆ ಹೊಂದಿಸಿದರು. ತಿರುಳಿನಲ್ಲಿ ಅದಕ್ಕೆ ಬೇಕಾದ ಸಹಾಯಕ ಭಾಗವನ್ನೂ ಅವರೇ ಬರೆದರು. ೧೯೯೩ರಲ್ಲಿ ರಿಕ್ ಸ್ಲ್ಯಾಡ್‌ಕಿ ಎಂಬವರು ಎರಡು ಕವಲುಗಳನ್ನೂ ಕೂಡಿಸಿ ಒಂದನ್ನಾಗಿ ಮಾಡಿದರು. ಹೀಗೆ ಒಬ್ಬರು ಬಿತ್ತಿದುದನ್ನು ಮತ್ತೊಬ್ಬರು ಬೆಳೆಯಿಸಿದುದರಿಂದ ಈ ಸಾಧನವು ಇಂದಿಗೂ ಜೀವಂತವಾಗಿ ಉಳಿದಿದೆ.

ಜಾಡು ಹಿಡಿಯುವ ಕ್ರಮ

ಎಸ್‌ಟ್ರೇಸ್ ಕೆಲಸ ಮಾಡುವ ಬಗೆ ಹೀಗಿದೆ. ಗಮನಿಸಲ್ಪಡುವ ಕ್ರಮವಿಧಿಯು ಕರೆಯನ್ನು ಒಪ್ಪಿಸಿದೊಡನೆ ತಿರುಳು ಅದನ್ನು ಬಾಗಿಲಲ್ಲಿಯೇ ನಿಲ್ಲಿಸಿ, ಗಮನಿಸುವವನಿಗೆ ತಿಳಿಸುತ್ತದೆ. ಆತನು ಕರೆಯ ಸಂಖ್ಯೆಯನ್ನೂ ವಿವರಗಳನ್ನೂ ಓದಿಕೊಂಡು ‘ಇನ್ನು ಹೋಗಲಿ’ ಎನ್ನುತ್ತಾನೆ. ತಿರುಳು ಕೆಲಸವನ್ನು ಪೂರೈಸುತ್ತದೆ. ಫಲವನ್ನು ಕೊಂಡು ಹಿಂದಿರುಗುವಾಗ ಕ್ರಮವಿಧಿಯು ಮತ್ತೊಮ್ಮೆ ಬಾಗಿಲಲ್ಲಿ ನಿಲ್ಲುತ್ತದೆ. ಆಗ ಗಮನಿಸುವವನು ಫಲವನ್ನು ಓದಿ, ಒಂದು ಸಾಲನ್ನು ಬರೆದುಕೊಳ್ಳುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಪ್ರತಿಯೊಂದು ಕರೆಗೂ ಎರಡೆರಡು ತಡೆಗಳು.

ಕ್ರಮವಿಧಿಯನ್ನು ಮೊದಲಿನಿಂದಲೇ ಗಮನಿಸಬಹುದು. ಈಗಾಗಲೇ ನಡೆಯುತ್ತಿರುವುದನ್ನು ನಡುವೆ ಹಿಡಿಯಲೂ ಬಹುದು. ಅದು ಹುಟ್ಟಿಸುವ ಮರಿ ಕ್ರಮವಿಧಿಗಳನ್ನು ಹಿಂಬಾಲಿಸಬಹುದು. ಬೇಕಾದ ಕರೆಗಳನ್ನು ಮಾತ್ರ ಆಯ್ದು ತೋರೆಂದು ವಿಧಿಸಬಹುದು. ಪ್ರತಿಯೊಂದು ಕರೆಗೆ ತಗುಲಿದ ಕಾಲವನ್ನು ಅಳೆಯಿಸಬಹುದು. ಯಾವ ಕರೆ ಎಷ್ಟು ಸಲ ನಡೆಯಿತು, ಎಷ್ಟು ಸಲ ವಿಫಲವಾಯಿತು ಎಂಬ ಕೋಷ್ಟಕವನ್ನೂ ಪಡೆಯಬಹುದು.

ಊಹೆ ಮತ್ತು ಪ್ರಮಾಣ

ಇದರ ಪ್ರಯೋಜನವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ವಿವರಿಸಬಹುದು. ಶಾಲೆಯೊಂದರಲ್ಲಿ ಅಂಕಪಟ್ಟಿಗಳನ್ನು ಸಿದ್ಧಪಡಿಸುವ ಕ್ರಮವಿಧಿಯಿದೆ ಎಂದು ಭಾವಿಸೋಣ. ಫಲಿತಾಂಶವನ್ನು ಪ್ರಕಟಿಸಬೇಕಾದ ಮುನ್ನಾದಿನ ಅದು ‘ಪಟ್ಟಿಯನ್ನು ಸಿದ್ಧಪಡಿಸಲಾಗಲಿಲ್ಲ’ ಎಂಬ ಒಂದೇ ವಾಕ್ಯವನ್ನು ಹೇಳಿ ಸುಮ್ಮನಾಗುತ್ತದೆ. ಗುಮಾಸ್ತರು ಯಂತ್ರವನ್ನು ದೂರುತ್ತಾರೆ. ಯಂತ್ರವನ್ನು ತಂದವನು ಕ್ರಮವಿಧಿಯನ್ನು ದೂರುತ್ತಾನೆ. ಕ್ರಮವಿಧಿಯನ್ನು ಬರೆದವನು ಗುಮಾಸ್ತರನ್ನು ದೂರುತ್ತಾನೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸೋಣವೆಂದು ಯಾರೋ ಸಲಹೆ ಕೊಡುತ್ತಾರೆ. ಆ ಸಲಹೆಯಂತೆ ನಡೆದರೆ ವರ್ಷವಿಡೀ ಕೂಡಿಟ್ಟ ಅಂಕಗಳೇ ಕಾಣೆಯಾದಾವು.

ಇಂತಹ ಸಂದರ್ಭದಲ್ಲಿ ಜಾಡನ್ನು ಬರೆಯಿಸಿ ನೋಡಿದರೆ, ವಿಫಲವಾದ ಕರೆಯ ಮುಂದೆ ಫಲದ ಸ್ಥಾನದಲ್ಲಿ ದೋಷದ ಹೆಸರು ಮೂಡಿರುತ್ತದೆ. ಅದು ‘ಈನೋಎಂಟ್’, ಎಂದರೆ ೨ನೆಯ ದೋಷವಾಗಿದ್ದರೆ, ಕೇಳಿದ ಕಡತವು ಕೇಳಿದ ಸ್ಥಳದಲ್ಲಿ ಇಲ್ಲವೆಂದು ಅರ್ಥ. ಯಾವ ಸ್ಥಳದಲ್ಲಿ ಹುಡುಕಲಾಯಿತೆಂಬುದೂ ಅದೇ ಸಾಲಿನಲ್ಲಿ ಕಾಣುತ್ತದೆ. ‘ಈಆಕ್ಸೆಸ್’, ಎಂದರೆ ೧೩ನೆಯ ದೋಷವಾಗಿದ್ದರೆ, ಕೇಳಿದವನಿಗೆ ಅನುಮತಿಯಿಲ್ಲವೆಂದು ಅರ್ಥ. ‘ಈನೋಎಸ್‌ಪಿಸಿ’, ಎಂದರೆ ೨೮ನೆಯ ದೋಷವಾಗಿದ್ದರೆ, ಬರೆಯಲು ಸ್ಥಳವೇ ಉಳಿದಿಲ್ಲ. ಮೊದಲನೆಯದಕ್ಕೆ ಕಡತವನ್ನು ಸರಿಯಾದ ಎಡೆಯಲ್ಲಿಡುವುದು, ಎರಡನೆಯದಕ್ಕೆ ಅನುಮತಿಯನ್ನು ಕೊಡುವುದು, ಮೂರನೆಯದಕ್ಕೆ ಸ್ಥಳವನ್ನು ತೆರವು ಮಾಡುವುದು ಪರಿಹಾರ. ಹೊರಗಿನಿಂದ ಒಂದೇ ಆಗಿ ಕಾಣುವ ವ್ಯಾಧಿಗೆ ಒಳಗೆ ಮೂರು ನಿದಾನಗಳಿರುತ್ತವೆ. ನಿದಾನವನ್ನರಿಯದೆ ಕೊಟ್ಟ ಔಷಧವು ವ್ಯಾಧಿಗಿಂತ ಕೆಟ್ಟದ್ದಾಗಬಹುದು. ಇಲ್ಲಿ ಅಪಾಯಕ್ಕೆ ಸಿಕ್ಕಿರುವುದು ಯಂತ್ರವಲ್ಲ, ಮಕ್ಕಳ ಒಂದು ವರ್ಷದ ಶ್ರಮ ಎಂಬುದನ್ನು ಮರೆಯಲಾಗದು.

ಕನ್ನಡವೆಂಬ ಪದದ ಜಾಡು

ಭಾಷಾಭ್ಯಾಸಿಗಳಿಗೆ ಆಸಕ್ತಿಕರವಾದ ಮತ್ತೊಂದು ಪ್ರಯೋಗವುಂಟು. ‘ಎಕೋ’ ಎಂಬ ಪುಟ್ಟ ಕ್ರಮವಿಧಿಯು ತನಗೆ ಕೊಟ್ಟ ಮಾತನ್ನು ಹಾಗೆಯೇ ಪರದೆಯ ಮೇಲೆ ಬರೆಯುತ್ತದೆ. ಅದಕ್ಕೆ ‘ಕನ್ನಡ’ ಎಂಬ ಪದವನ್ನು ಕೊಟ್ಟು, ಎಸ್‌ಟ್ರೇಸಿನಿಂದ ಜಾಡನ್ನು ಹಿಡಿದರೆ, ಕೊನೆಯ ಭಾಗದಲ್ಲಿ ‘ರೈಟ್’ ಕರೆಯ ಒಂದು ಸಾಲು ಕಾಣುತ್ತದೆ. ಅದರಲ್ಲಿ ‘ಕನ್ನಡ’ ಎಂಬ ಲಿಪಿ ಇರುವುದಿಲ್ಲ. ೩೪೦, ೨೬೨, ೨೨೫ ಎಂದು ಮೊದಲಾಗುವ ಸಂಖ್ಯೆಗಳ ಸಾಲು ಇರುತ್ತದೆ. ಕೊನೆಯಲ್ಲಿ ೧೬ ಎಂಬ ಫಲವಿರುತ್ತದೆ.

ಇದರ ಅನ್ವಯ ಹೀಗೆ. ನಮ್ಮ ಎಣಿಕೆಯಲ್ಲಿ ‘ಕನ್ನಡ’ ಎಂಬುದು ಕ, ನ್ನ, ಡ ಎಂಬ ಮೂರು ಅಕ್ಷರಗಳ ಪದ. ಯುನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ‘ನ್ನ’ ಎಂಬ ಒತ್ತಕ್ಷರವು ನ, ಹಲಂತಚಿಹ್ನೆ, ಮತ್ತೊಂದು ನ ಎಂದು ಬಿಡಿಸಲ್ಪಡುವುದರಿಂದ ಸಂಕೇತಗಳು ಐದಾಗುತ್ತವೆ. ಯುಟಿಎಫ್-೮ ಎಂಬ ಬರವಣಿಗೆಯ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಐದು ಮೂರಲೆ ಹದಿನೈದು; ಸಾಲು ಮುಗಿಯಿತೆಂಬ ಗುರುತಿಗೆ ಒಂದು; ಒಟ್ಟು ಹದಿನಾರು. ೩೪೦, ೨೬೨, ೨೨೫ ಎಂಬುವು ‘ಕ’ಕಾರದ ಮೂರು ಬೈಟುಗಳನ್ನು ಎಂಟನ್ನು ಆಧಾರವಾಗಿಟ್ಟ ಎಣಿಕೆಯಲ್ಲಿ ಬರೆದ ರೂಪ.

ಇದರಿಂದ ಹೊರಡುವ ತಾತ್ಪರ್ಯ ಸ್ಪಷ್ಟವಾಗಿದೆ. ತಿರುಳಿಗೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ಅದು ಬೈಟುಗಳನ್ನು ಎಣಿಸಿ ಸಾಗಿಸುತ್ತದೆ, ಅಷ್ಟೆ. ಅಕ್ಷರಕ್ಕೆ ಆಕಾರವನ್ನು ಕೊಡುವುದು, ಒತ್ತನ್ನು ಕೆಳಗೆ ಜೋಡಿಸುವುದು ಮೇಲಿನ ಕ್ರಮವಿಧಿಗಳ ಕೆಲಸ. ಪರದೆಯ ಮೇಲೆ ಕನ್ನಡವು ಕೆಟ್ಟು ಕಂಡಾಗ, ಜಾಡಿನಲ್ಲಿ ಬೈಟುಗಳು ಸರಿಯಾಗಿದ್ದರೆ ದೋಷವು ಅಕ್ಷರವನ್ನು ಮೂಡಿಸುವ ಎಡೆಯಲ್ಲಿದೆ. ಬೈಟುಗಳೇ ತಪ್ಪಾಗಿದ್ದರೆ ದೋಷವು ಅದಕ್ಕೂ ಹಿಂದೆ ಇದೆ. ಯಂತ್ರಕ್ಕೆ ಕನ್ನಡವು ಒಗ್ಗದೆಂದು ನಿಟ್ಟುಸಿರು ಬಿಡುವುದಕ್ಕಿಂತ ಹೀಗೆ ಪರೀಕ್ಷಿಸುವುದು ಭಾಷಾಸೇವೆಯೇ ಸರಿ.

ಮಿತಿಗಳು ಮತ್ತು ಅಪಾಯಗಳು

ಈ ಸಾಧನಕ್ಕೆ ಮಿತಿಗಳುಂಟು. ಕ್ರಮವಿಧಿಗೂ ತಿರುಳಿಗೂ ನಡುವೆ ನಡೆಯುವ ಸಂವಾದವನ್ನು ಮಾತ್ರ ಇದು ಕೇಳಬಲ್ಲುದು. ಕ್ರಮವಿಧಿಯು ತನ್ನೊಳಗೇ ಮಾಡುವ ಗಣನೆ ಇದಕ್ಕೆ ಗೋಚರಿಸದು. ಅಂಕಗಳನ್ನು ಕೂಡುವಾಗ ತಪ್ಪಾದರೆ, ತಪ್ಪು ಮೊತ್ತವನ್ನು ಬರೆದ ಕರೆಯು ಜಾಡಿನಲ್ಲಿ ಸಫಲವೆಂದೇ ಕಾಣುತ್ತದೆ. ವೇಳೆಯನ್ನು ಕೇಳುವಂತಹ ಕೆಲವು ಕೆಲಸಗಳನ್ನು ವೇಗಕ್ಕಾಗಿ ತಿರುಳಿನ ಬಾಗಿಲಿಗೆ ಹೋಗದೆಯೇ ಮುಗಿಸುವ ಏರ್ಪಾಡಿರುವುದರಿಂದ ಅವೂ ಇದರ ಕಣ್ಣಿಗೆ ಬೀಳವು. ಅಲ್ಲದೆ ಪ್ರತಿ ಕರೆಗೂ ಎರಡು ತಡೆಗಳಿರುವುದರಿಂದ ಗಮನಿಸಲ್ಪಡುವ ಕ್ರಮವಿಧಿಯ ನಡೆ ಬಹಳ ನಿಧಾನವಾಗುತ್ತದೆ. ಸಾವಿರಾರು ಜನರು ಏಕಕಾಲದಲ್ಲಿ ಬಳಸುವ ಯಂತ್ರದಲ್ಲಿ ಇದನ್ನು ವಿವೇಚನೆಯಿಲ್ಲದೆ ಹಚ್ಚಿದರೆ ಕಾರಣವನ್ನು ಹುಡುಕಹೋದವನೇ ತೊಂದರೆಗೆ ಕಾರಣನಾದಾನು.

ಈ ಕೊರತೆಯನ್ನು ನೀಗುವುದಕ್ಕೆ ಮುಂದೆ ಬೇರೆ ಮಾರ್ಗಗಳು ಹುಟ್ಟಿದವು. ೨೦೦೫ರಲ್ಲಿ ಸೊಲಾರಿಸ್ ೧೦ ವ್ಯವಸ್ಥೆಯೊಡನೆ ‘ಡಿಟ್ರೇಸ್’ ಬಂದಿತು. ೨೦೦೮ರಲ್ಲಿ ಸ್ಟೀವನ್ ರಾಸ್ಟೆಡ್ ಅವರ ‘ಎಫ್‌ಟ್ರೇಸ್’ ಲಿನಕ್ಸ್ ತಿರುಳಿನೊಳಗೇ ಸೇರಿತು. ೨೦೧೪ರಿಂದ ‘ಇಬಿಪಿಎಫ್’ ಎಂಬ ಏರ್ಪಾಡು ರೂಢಿಗೆ ಬಂದಿತು. ಗಮನಿಸುವ ಕಿರು ಕ್ರಮವಿಧಿಯನ್ನು ತಿರುಳಿನೊಳಗೆ ನೆಲೆಗೊಳಿಸಿ, ಅಲ್ಲಿಯೇ ಲೆಕ್ಕವನ್ನು ಬರೆಯಿಸುವುದು ಇದರ ರೀತಿ. ಒಳಗೆ ಬಿಡುವ ಮುನ್ನ ಅದರಿಂದ ಹಾನಿಯಿಲ್ಲವೆಂಬುದನ್ನು ತಿರುಳೇ ಪರಿಶೀಲಿಸುತ್ತದೆ. ಪ್ರತಿ ಕರೆಗೂ ಕ್ರಮವಿಧಿಯನ್ನು ನಿಲ್ಲಿಸಬೇಕಾಗಿಲ್ಲದುದರಿಂದ ವೆಚ್ಚವು ಬಹಳ ಕಡಮೆ.

ಮಿತಿಗಿಂತ ಗಂಭೀರವಾದುದು ಅಪಾಯ. ಓದುವ ಬರೆಯುವ ಕರೆಗಳ ಜಾಡಿನಲ್ಲಿ ಓದಿದ, ಬರೆದ ವಿಷಯವೂ ಕಾಣುತ್ತದೆ. ಗುಪ್ತಪದಗಳೂ ಖಾಸಗಿ ಪತ್ರಗಳೂ ಬಯಲಾಗಬಹುದು. ಆದುದರಿಂದಲೇ ಒಬ್ಬ ಸಾಮಾನ್ಯ ಬಳಕೆದಾರನು ಮತ್ತೊಬ್ಬನ ಕ್ರಮವಿಧಿಯನ್ನು ಗಮನಿಸಲು ತಿರುಳು ಸಮ್ಮತಿಸುವುದಿಲ್ಲ. ೨೦೧೨ರಲ್ಲಿ ಲಿನಕ್ಸಿಗೆ ಸೇರಿದ ‘ಯಾಮಾ’ ಎಂಬ ರಕ್ಷಣಾಭಾಗವು ಈ ನಿರ್ಬಂಧವನ್ನು ಇನ್ನೂ ಬಿಗಿಗೊಳಿಸಲು ಅನುಕೂಲ ಮಾಡಿತು. ಅದರ ಒಂದು ವಿಧಿಯಂತೆ, ತನ್ನದೇ ಆದ ಕ್ರಮವಿಧಿಗಳಲ್ಲಿಯೂ ತಾನು ಹುಟ್ಟಿಸಿದುದನ್ನಲ್ಲದೆ ಬೇರೊಂದನ್ನು ಸುಮ್ಮನೆ ಹಿಡಿಯುವಂತಿಲ್ಲ. ಜಾಡಿನ ಪ್ರತಿಯನ್ನು ಸಹಾಯಕ್ಕಾಗಿ ಪರರಿಗೆ ಕಳುಹಿಸುವವನು ಅದರಲ್ಲಿ ಅಡಗಿರಬಹುದಾದ ಗುಟ್ಟುಗಳನ್ನು ಮೊದಲು ಅಳಿಸಬೇಕು. ಲೆಕ್ಕದ ಪುಸ್ತಕವನ್ನು ಓದಬಲ್ಲವನಿಗೆ ಅದನ್ನು ಮುಚ್ಚಿಡುವ ಹೊಣೆಯೂ ಉಂಟು.

ಉಪಸಂಹಾರ

ಗಣಕಯಂತ್ರವನ್ನು ಬಳಸಬಲ್ಲವರು ಇಂದು ಮನೆಮನೆಯಲ್ಲಿಯೂ ಇದ್ದಾರೆ. ಅದು ಏನನ್ನು ಮಾಡುತ್ತಿದೆಯೆಂದು ಕೇಳಬಲ್ಲವರು ವಿರಳ. ಗುಂಡಿಯನ್ನು ಒತ್ತುವುದನ್ನಷ್ಟೇ ಕಲಿತ ವಿದ್ಯಾರ್ಥಿಗೆ ಯಂತ್ರವು ಮಾಯೆಯಾಗಿಯೇ ಉಳಿಯುತ್ತದೆ. ಕೆಟ್ಟಾಗ ಕೈಕಟ್ಟಿ ನಿಲ್ಲುವುದಲ್ಲದೆ ಅವನಿಗೆ ಅನ್ಯಮಾರ್ಗವಿಲ್ಲ. ಲಿನಕ್ಸ್ ತಿರುಳಾಗಲಿ ಎಸ್‌ಟ್ರೇಸ್ ಸಾಧನವಾಗಲಿ ಹಣ ಕೊಟ್ಟು ಕೊಳ್ಳಬೇಕಾದ ವಸ್ತುಗಳಲ್ಲ. ಅವುಗಳ ಮೂಲಪಾಠವೇ ಎಲ್ಲರ ಓದಿಗೆ ತೆರೆದಿದೆ. ಹಳೆಯದೊಂದು ಯಂತ್ರವೂ ಈ ಅಭ್ಯಾಸಕ್ಕೆ ಸಾಕು. ಅಧ್ಯಾಪಕರು ‘ಕನ್ನಡ’ ಎಂಬ ಒಂದು ಪದದ ಜಾಡನ್ನು ತರಗತಿಯಲ್ಲಿ ತೋರಿಸಿ, ಹದಿನಾರು ಎಂಬ ಫಲವು ಹೇಗೆ ಬಂದಿತೆಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿದರೆ ಸಾಕು, ಅದೊಂದು ಉತ್ತಮವಾದ ಪಾಠವಾಗುತ್ತದೆ. ಊಹೆಯನ್ನು ಬಿಟ್ಟು ಪ್ರಮಾಣವನ್ನು ಅರಸುವ ಗುಣವು ಬಾಲ್ಯದಲ್ಲಿಯೇ ಬೇರೂರಿದರೆ, ಆ ಮಕ್ಕಳು ಮುಂದೆ ಯಾವ ವೃತ್ತಿಯನ್ನು ಹಿಡಿದರೂ ಅದು ಅವರ ಕೈಬಿಡದು.